ಆರ್‌ವಿ ಪಾರ್ಕ್‌ನಲ್ಲಿ ಕೈಕೊಡದ ಇಂಟರ್ನೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಆರ್‌ವಿ (ಮನೆಯಂತೆ ವಾಸಿಸಬಹುದಾದ ವಾಹನ) ಪಾರ್ಕ್‌ಗಳಲ್ಲಿ ವಾರಗಟ್ಟಲೆ ಉಳಿದು, ಅಲ್ಲಿಂದಲೇ ಆಫೀಸ್ ಕೆಲಸ ಮಾಡಬೇಕಾದ ಕನ್ನಡಿಗರಿಗಾಗಿ ಇದನ್ನು ಬರೆದಿದ್ದೇವೆ. ಎರಡು ದಿನದ ಪ್ರವಾಸ, ಊರಿಗೆ ನಾಲ್ಕು ಫೋಟೋ ಕಳಿಸಿದರೆ ಆಯಿತು ಎನ್ನುವವರಿಗೆ ಕೈಯಲ್ಲಿರುವ ಫೋನೇ ಸಾಕು. ಮೀಟಿಂಗ್ ತಪ್ಪಿಸುವಂತಿಲ್ಲ ಎನ್ನುವವರು ಪೂರ್ತಿ ಓದಿ.

ಪಾರ್ಕ್‌ನವರೇ ಉಚಿತ ವೈ-ಫೈ ಕೊಡುತ್ತಾರಲ್ಲ, ಅದು ಸಾಲದೇ?

ಬೆಳಗ್ಗೆ 6ಕ್ಕೆ ಸಾಕಾಗುತ್ತದೆ, ರಾತ್ರಿ 8ಕ್ಕೆ ಸಾಲುವುದಿಲ್ಲ. ಪಾರ್ಕ್ ವೈ-ಫೈ ಎಂದರೆ ಎರಡು ತುಂಡಿನ ದಾರಿ. ನಿಮ್ಮ ಆರ್‌ವಿಯಿಂದ ಹತ್ತಿರದ ಕಂಬದ ಮೇಲಿರುವ, ವೈ-ಫೈ ಹೊರಬಿಡುವ ಪೆಟ್ಟಿಗೆಯವರೆಗೆ (ಆಕ್ಸೆಸ್ ಪಾಯಿಂಟ್) ಒಂದು, ಪಾರ್ಕ್ ಆಫೀಸಿನಿಂದ ಹೊರಗೆ ಹೋಗುವ ಲೈನ್ ಇನ್ನೊಂದು. ಫೋನಿನಲ್ಲಿ ಕಾಣುವ ವೈ-ಫೈ ಗುರುತು ಮೊದಲ ತುಂಡಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಉದಾಹರಣೆಗೆ, 80 ಸೈಟ್‌ಗಳ (ಆರ್‌ವಿ ನಿಲ್ಲಿಸುವ ಜಾಗಗಳ) ಪಾರ್ಕ್‌ಗೆ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಲೈನ್ ಇದೆ ಎಂದುಕೊಳ್ಳಿ. ರಾತ್ರಿ ಊಟ ಮುಗಿಸಿ 40 ಸೈಟ್‌ನವರು ತಲಾ 5 ಎಂಬಿಪಿಎಸ್ ಎಳೆಯುವ ಎಚ್‌ಡಿ ಸಿನಿಮಾ ಹಾಕಿಕೊಂಡರೆ ಬೇಕಾಗುವುದು 200. ನಿಮ್ಮ ಮೀಟಿಂಗ್‌ಗೆ ಉಳಿಯುವುದು ಏನೂ ಇಲ್ಲ.

ಬೆಂಗಳೂರಿನ ತಂಡದ ಜೊತೆ ಕೆಲಸ ಮಾಡುವವರಿಗೆ ಇದು ಇನ್ನೂ ತೊಂದರೆ. ಅಲ್ಲಿ ಬೆಳಗ್ಗೆ 9.30ರ ಮೀಟಿಂಗ್ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ 9, ಚಳಿಗಾಲದಲ್ಲಿ 8. ಪಾರ್ಕ್‌ನ ಲೈನ್ ಅತಿ ಹೆಚ್ಚು ತುಂಬಿರುವ ಹೊತ್ತೇ ಅದು. ಆದ್ದರಿಂದ ಪಾರ್ಕ್ ವೈ-ಫೈಯನ್ನು ಎಲ್ಲರೂ ಮಲಗಿದ ಮೇಲಿನ ಸಾಫ್ಟ್‌ವೇರ್ ಅಪ್‌ಡೇಟ್‌ಗೆ, ಫೋಟೋ ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ.

ತೊಂದರೆ ಯಾವ ತುಂಡಿನಲ್ಲಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ಏನನ್ನಾದರೂ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ, ಹತ್ತು ನಿಮಿಷದ ಕೆಲಸ. ಆರ್‌ವಿ ಒಳಗೆ ಕೂತು ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಅದೇ ಫೋನ್ ಹಿಡಿದು ಆಕ್ಸೆಸ್ ಪಾಯಿಂಟ್ ಇರುವ ಕಂಬದ ಬುಡಕ್ಕೆ ನಡೆದು ಹೋಗಿ ಇನ್ನೊಮ್ಮೆ ಮಾಡಿ. ಕಂಬದ ಕೆಳಗೆ 30 ಎಂಬಿಪಿಎಸ್ ಬಂದು ಒಳಗೆ 2 ಬಂದರೆ ಅಡ್ಡಿ ಮೊದಲ ತುಂಡಿನಲ್ಲಿದೆ: ಕಂಬದ ದೂರ ಇಲ್ಲವೇ ನಿಮ್ಮ ಆರ್‌ವಿಯ ಅಲ್ಯೂಮಿನಿಯಂ ಮೈ. ಎರಡೂ ಕಡೆ 2 ಬಂದರೆ ಪಾರ್ಕ್‌ನ ಲೈನೇ ತುಂಬಿದೆ.

ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಲ್ಯಾಪ್‌ಟಾಪ್‌ನಿಂದ ಮೊದಲು ಪಾರ್ಕ್‌ನ ಗೇಟ್‌ವೇ (ಪಾರ್ಕ್‌ನ ಮುಖ್ಯ ರೂಟರ್) ವಿಳಾಸಕ್ಕೆ, ನಂತರ ಹೊರಗಿರುವ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ನೋಡಿ. ಗೇಟ್‌ವೇ 5–10 ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಟ್ಟು 8.8.8.8 ಮಾತ್ರ 400–500 ತೆಗೆದುಕೊಂಡರೆ ನಿಮ್ಮ ಕಡೆ ಯಾವ ದೋಷವೂ ಇಲ್ಲ. ಆಗ ದೊಡ್ಡ ವೈ-ಫೈ ಆಂಟೆನಾ ಕೊಂಡು ತಂದರೂ ಉಪಯೋಗವಿಲ್ಲ: ಟ್ಯಾಂಕಿನಲ್ಲೇ ನೀರಿಲ್ಲದಿರುವಾಗ ನಲ್ಲಿ ಬದಲಾಯಿಸಿದ ಹಾಗೆ. ಈ ಒಂದು ಪರೀಕ್ಷೆ ಮಾಡದೆ ನೂರಾರು ಡಾಲರ್‌ನ ಸಾಮಾನು ಕೊಳ್ಳುವವರು ಬಹಳ ಜನ.

ಮೀಟಿಂಗ್‌ಗೆ ಎಷ್ಟು ಸ್ಪೀಡ್ ಬೇಕು?

ಜನ ನೆನೆಸಿದ್ದಕ್ಕಿಂತ ಕಡಿಮೆ. ಝೂಮ್‌ನ ಗುಂಪು ಮೀಟಿಂಗ್ 720ಪಿ ಗುಣಮಟ್ಟಕ್ಕೆ ಅಪ್‌ಲೋಡ್ 2.6, ಡೌನ್‌ಲೋಡ್ 1.8 ಎಂಬಿಪಿಎಸ್ ಕೇಳುತ್ತದೆ. ಅಪ್‌ಲೋಡ್ ಸಂಖ್ಯೆಯೇ ದೊಡ್ಡದು, ಗಮನಿಸಿ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 60 ಎಂದು ನೋಡಿ ಖುಷಿಪಟ್ಟು, ಅಪ್‌ಲೋಡ್ 0.8 ಇರುವುದನ್ನು ಗಮನಿಸದೆ ಮೀಟಿಂಗ್‌ಗೆ ಕೂತರೆ ಎಲ್ಲರ ಮಾತೂ ನಿಮಗೆ ಚೆನ್ನಾಗಿ ಕೇಳುತ್ತದೆ, ನಿಮ್ಮ ವಿಡಿಯೊ, ಮಾತು ಮಾತ್ರ ಅವರಿಗೆ ಒಡೆದೊಡೆದು ತಲುಪುತ್ತದೆ.

ಡೌನ್‌ಲೋಡ್ 10, ಅಪ್‌ಲೋಡ್ 4, ಪಿಂಗ್ 100 ಮಿಲಿಸೆಕೆಂಡ್ ಒಳಗೆ: ಇಷ್ಟು ಏರುಪೇರಿಲ್ಲದೆ ಸಿಕ್ಕರೆ ಒಬ್ಬರ ಆಫೀಸ್ ಕೆಲಸ ನಡೆಯುತ್ತದೆ. ಫಾಸ್ಟ್ ಡಾಟ್ ಕಾಮ್‌ನಲ್ಲಿ ಹೆಚ್ಚಿನ ಮಾಹಿತಿ ಒತ್ತಿದರೆ ಲೈನ್ ಖಾಲಿ ಇರುವಾಗಿನ ಮತ್ತು ತುಂಬಿರುವಾಗಿನ ಪಿಂಗ್ ಎರಡನ್ನೂ ತೋರಿಸುತ್ತದೆ. ಖಾಲಿಯಲ್ಲಿ 40 ಇದ್ದದ್ದು ತುಂಬಿದಾಗ 800 ಆದರೆ, ಮಗ ಪಕ್ಕದಲ್ಲಿ ಯೂಟ್ಯೂಬ್ ಹಾಕಿದ ಕೂಡಲೇ ನಿಮ್ಮ ಧ್ವನಿ ಒಡೆಯುತ್ತದೆ. ರೂಟರ್‌ನಲ್ಲಿ ಎಸ್‌ಕ್ಯೂಎಂ (ಲೈನ್ ತುಂಬಿದಾಗ ಡೇಟಾ ಸರದಿಯನ್ನು ನಿಭಾಯಿಸುವ) ಸೌಲಭ್ಯವಿದ್ದರೆ ಆನ್ ಮಾಡಿ, ಅಳೆದ ವೇಗದ ಶೇ. 80–85ಕ್ಕೆ ಮಿತಿ ಹಾಕಿ. ಸ್ವಲ್ಪ ವೇಗ ಹೋಗುತ್ತದೆ, ಮಾತು ಉಳಿಯುತ್ತದೆ.

ಟ್ರಾವೆಲ್ ರೂಟರ್ ಬೇಕೇ? ಅದರಲ್ಲಿ ಪಾರ್ಕ್ ವೈ-ಫೈಯ ಲಾಗಿನ್ ಪುಟವೇ ಬರುವುದಿಲ್ಲವಲ್ಲ?

ಬೇಕು. ಇಡೀ ಸಾಮಾನಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಮನೆಯವರ ಎಲ್ಲ ಫೋನ್, ಲ್ಯಾಪ್‌ಟಾಪ್, ಟಿವಿಗಳು ಇದಕ್ಕೆ ಒಮ್ಮೆ ಸೇರಿದರೆ ಸಾಕು. ಊರು ಬದಲಾದಾಗ ರೂಟರ್ ಒಂದನ್ನೇ ಹೊಸ ಪಾರ್ಕ್‌ಗೆ ಜೋಡಿಸಿದರಾಯಿತು. ಪ್ರತಿ ಸೈಟ್‌ಗೆ ಎರಡೋ ಮೂರೋ ಸಾಧನ ಎಂಬ ಮಿತಿ ಇರುವ ಕಡೆ ಇದು ಒಂದೇ ಸಾಧನವಾಗಿ ಕಾಣುತ್ತದೆ. ಪಾರ್ಕ್‌ನವರು ರೂಟರ್ ಬೇಡ ಎಂದು ನಿಯಮ ಹಾಕಿದ್ದರೆ ಮೊದಲೇ ಕೇಳಿಕೊಳ್ಳಿ.

ಜಿಎಲ್ ಐನೆಟ್ ಕಂಪನಿಯಂಥ ರೂಟರ್‌ನಲ್ಲಿ ಹೀಗೆ ಮಾಡಿ: ಲ್ಯಾಪ್‌ಟಾಪನ್ನು ರೂಟರ್‌ಗೆ ಸೇರಿಸಿ, ಬ್ರೌಸರ್‌ನಲ್ಲಿ 192.168.8.1 ತೆರೆದು, ರಿಪೀಟರ್ ವಿಭಾಗದಲ್ಲಿ ಪಾರ್ಕ್‌ನ ವೈ-ಫೈ ಆರಿಸಿ. ಕಂಬ ದೂರವಿದ್ದರೆ 2.4 ಗಿಗಾಹರ್ಟ್ಸ್, ಹತ್ತಿರವಿದ್ದರೆ 5. ಲಾಗಿನ್ ಪುಟ ತಾನಾಗಿ ಬರದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ವಿಪಿಎನ್ ಆನ್ ಇದೆ, ಪ್ರೈವೇಟ್ ಡಿಎನ್ಎಸ್ (ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಹಾಕಿದ್ದೀರಿ, ಇಲ್ಲವೇ ರೂಟರ್‌ನ ಡಿಎನ್ಎಸ್ ರೀಬೈಂಡಿಂಗ್ ರಕ್ಷಣೆ ಪುಟವನ್ನು ತಡೆಯುತ್ತಿದೆ. ಮೂರನ್ನೂ ಸದ್ಯಕ್ಕೆ ಆಫ್ ಮಾಡಿ ಲಾಗಿನ್ ಪುಟ ಬರಿಸಲೆಂದೇ ಇರುವ ನೆವರ್‌ಎಸ್ಎಸ್ಎಲ್ ಡಾಟ್ ಕಾಮ್ ತೆರೆಯಿರಿ. ಅದಕ್ಕೂ ಬಗ್ಗದಿದ್ದರೆ ಫೋನಿನಿಂದ ನೇರವಾಗಿ ಲಾಗಿನ್ ಆಗಿ, ಆ ನೆಟ್‌ವರ್ಕ್‌ಗೆ ಫೋನ್ ತೋರಿಸುವ ಮ್ಯಾಕ್ ವಿಳಾಸವನ್ನು (ಸಾಧನದ ಗುರುತಿನ ಸಂಖ್ಯೆ) ರೂಟರ್‌ಗೆ ಹಾಕಿ, ಫೋನನ್ನು ಪಾರ್ಕ್ ವೈ-ಫೈಯಿಂದ ಬಿಡಿಸಿ. ಲಾಗಿನ್ ಆದ ಮೇಲೆ ಆಫ್ ಮಾಡಿದ್ದನ್ನೆಲ್ಲ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ.

ಯಾವ ಕಂಪನಿಯ ಸಿಮ್ ಒಳ್ಳೆಯದು?

ಒಂದೇ ಕಂಪನಿಯನ್ನು ನಂಬುವುದೇ ತಪ್ಪು. ವೆರಿಝೋನ್, ಎಟಿ ಅಂಡ್ ಟಿ, ಟಿ-ಮೊಬೈಲ್ ಮೂರರಲ್ಲಿ ಎರಡು ಬೇರೆ ಬೇರೆ ಇರಲಿ. ಒಂದು ಕಣಿವೆಯಲ್ಲಿ ಒಬ್ಬರ ಟವರ್ ಮಾತ್ರ ಇರುತ್ತದೆ, ಮುಂದಿನ ಕಣಿವೆಯಲ್ಲಿ ಇನ್ನೊಬ್ಬರದು. ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ಟವರ್ ಬೇರೆಯಾಗುವುದಿಲ್ಲ: ವಿಸಿಬಲ್ ಓಡುವುದು ವೆರಿಝೋನ್ ಮೇಲೆ, ಕ್ರಿಕೆಟ್ ಎಟಿ ಅಂಡ್ ಟಿ ಮೇಲೆ, ಮಿಂಟ್ ಟಿ-ಮೊಬೈಲ್ ಮೇಲೆ. ಟಿ-ಮೊಬೈಲ್ ಜೊತೆಗೆ ಮಿಂಟ್ ಇಟ್ಟುಕೊಂಡರೆ ಎರಡು ಸಿಮ್ ಇದ್ದೂ ಒಂದೇ ದಾರಿ.

ಹೋಗುವ ಜಾಗದ ವಿಳಾಸವನ್ನು ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನ್ಯಾಷನಲ್ ಬ್ರಾಡ್‌ಬ್ಯಾಂಡ್ ಮ್ಯಾಪ್‌ನಲ್ಲಿ ಹಾಕಿ, ಮೊಬೈಲ್ ವಿಭಾಗ ನೋಡಿ. ಬಣ್ಣ ಇದೆ ಎಂದರೆ ಸಿಗ್ನಲ್ ಬರಬಹುದು ಎಂದಷ್ಟೇ ಅರ್ಥ. ಗುಡ್ಡದ ಮರೆಯನ್ನು ಮ್ಯಾಪ್ ಪೂರ್ತಿ ಹಿಡಿಯುವುದಿಲ್ಲ, ರಾತ್ರಿಯ ಜನಸಂದಣಿಯನ್ನು ಹೇಳುವುದೇ ಇಲ್ಲ.

ಸಿಗ್ನಲ್ ಫುಲ್ ಇದೆ, ನೆಟ್ ಮಾತ್ರ ಓಡುವುದಿಲ್ಲ. ಯಾಕೆ?

ಟವರ್‌ಗೆ ಜನ ಜಾಸ್ತಿಯಾಗಿದ್ದಾರೆ. ಅರಿಝೋನಾದ ಕ್ವಾರ್ಟ್‌ಸೈಟ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇಸಿಗೆಯಲ್ಲಿ ಪುಟ್ಟ ಊರು. ಜನವರಿಯಲ್ಲಿ ಆರ್‌ವಿ ಪ್ರದರ್ಶನದ ಹೊತ್ತಿಗೆ ಸುತ್ತಲಿನ ಮರುಭೂಮಿಯೆಲ್ಲ ಆರ್‌ವಿಗಳಿಂದ ತುಂಬುತ್ತದೆ. ಹೀಗೆ ತುಂಬಿದಾಗ ಟವರ್ ಮೊದಲು ಆದ್ಯತೆ ಇರುವ ಪ್ಲಾನ್‌ಗಳಿಗೆ ಡೇಟಾ ಕೊಡುತ್ತದೆ, ಅಗ್ಗದ ಪ್ಲಾನ್‌ಗಳು ಸರದಿಯ ಕೊನೆಗೆ ಹೋಗುತ್ತವೆ. ಆದ್ದರಿಂದ ಮುಖ್ಯ ಸಿಮ್‌ಗೆ ಆದ್ಯತೆಯ ಡೇಟಾ ಎಷ್ಟು ಜಿಬಿ ಎಂದು ಕೇಳಿ ಪ್ಲಾನ್ ತೆಗೆದುಕೊಳ್ಳಿ. ಎರಡನೆಯದು ಅಗ್ಗದ್ದಾದರೂ ನಡೆಯುತ್ತದೆ.

ಫೋನಿನ ಸಿಗ್ನಲ್ ಗೀಟುಗಳನ್ನು ಬಿಟ್ಟು ಸಂಖ್ಯೆ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಸಿಮ್ ಸ್ಟೇಟಸ್ ತೆರೆಯಿರಿ, ಅಲ್ಲಿ ಸಾಮಾನ್ಯವಾಗಿ ಸಿಗ್ನಲ್‌ನ ಬಲ ಮಾತ್ರ ಕಾಣುತ್ತದೆ. ಆರ್‌ಎಸ್‌ಆರ್‌ಪಿ ಸಿಗ್ನಲ್‌ನ ಬಲ: −90 ಡಿಬಿಎಂ ಸುತ್ತಮುತ್ತ ಚೆನ್ನ, −105 ಸುಮಾರು, −115ಕ್ಕಿಂತ ಕೆಳಗಿಳಿದರೆ ಯಾವಾಗ ಬೇಕಾದರೂ ಬಿಡಬಹುದು. ಎಸ್‌ಐಎನ್‌ಆರ್ ಸಿಗ್ನಲ್ ಎಷ್ಟು ಶುದ್ಧ ಎಂಬುದನ್ನು ಹೇಳುತ್ತದೆ: 13ಕ್ಕಿಂತ ಮೇಲೆ ಒಳ್ಳೆಯದು, 0ಗಿಂತ ಕೆಳಗೆ ಗದ್ದಲವೇ ಹೆಚ್ಚು. ಎರಡೂ ಚೆನ್ನಾಗಿದ್ದೂ ವೇಗವಿಲ್ಲದಿದ್ದರೆ ಬಹುಪಾಲು ಜನಸಂದಣಿಯೇ ಕಾರಣ. ಅದಕ್ಕೆ ಔಷಧಿ ಬೇರೆ ಬ್ಯಾಂಡ್ (ಟವರ್ ಬಳಸುವ ಆವರ್ತನದ ಪಟ್ಟಿ) ಇಲ್ಲವೇ ಬೇರೆ ಕಂಪನಿ. ಬೂಸ್ಟರ್ ಅಲ್ಲ.

ಬೂಸ್ಟರ್ ಕೊಳ್ಳಲೋ, ಆಂಟೆನಾ ಕೊಳ್ಳಲೋ?

ಕೆಲಸಕ್ಕೆ ಡೇಟಾ ಬೇಕು ಎನ್ನುವವರಿಗೆ ನಮ್ಮ ಮತ, ಹಾಟ್‌ಸ್ಪಾಟ್‌ಗೆ (ಸಿಮ್‌ನಿಂದ ವೈ-ಫೈ ಕೊಡುವ ಸಾಧನ) ನೇರವಾಗಿ ಜೋಡಿಸುವ ಆಂಟೆನಾಗೆ. ಬೂಸ್ಟರ್ ಹೊರಗಿನ ಒಂದು ಆಂಟೆನಾದಿಂದ ಬಂದದ್ದನ್ನು ದೊಡ್ಡದು ಮಾಡಿ ಒಳಗೆ ಒಂದರಿಂದ ಹೊರಬಿಡುತ್ತದೆ. ನಿಮ್ಮ ಹಾಟ್‌ಸ್ಪಾಟ್ ಎರಡು ಅಥವಾ ನಾಲ್ಕು ಆಂಟೆನಾಗಳಲ್ಲಿ ಒಟ್ಟಿಗೆ ಡೇಟಾ ತರಬಲ್ಲದು. ಬೂಸ್ಟರ್ ಬಂದರೆ ಅದೆಲ್ಲ ಒಂದೇ ಹೊಳೆಗೆ ಇಳಿಯುತ್ತದೆ. ಎಷ್ಟೋ ಸಲ ಬೂಸ್ಟರ್ ಹಾಕಿದ ಮೇಲೆ ಗೀಟುಗಳು ಏರಿ, ವೇಗ ಇಳಿದಿರುತ್ತದೆ. ಇನ್ನೊಂದು ಮಿತಿ: ಎಲ್ಲ ಕಂಪನಿಗಳಿಗೂ ನಡೆಯುವ ವಾಹನದ ಬೂಸ್ಟರ್‌ಗಳು 50 ಡೆಸಿಬೆಲ್‌ಗಿಂತ ಹೆಚ್ಚು ವರ್ಧಿಸಬಾರದು ಎಂದು ಎಫ್‌ಸಿಸಿ ನಿಯಮ, ಟಿ-ಮೊಬೈಲ್‌ನ 71ನೇ ಬ್ಯಾಂಡ್, 2.5 ಗಿಗಾಹರ್ಟ್ಸ್, ಸಿ-ಬ್ಯಾಂಡ್ ಇವು ಯಾವುದನ್ನೂ ಸಾಮಾನ್ಯ ಬೂಸ್ಟರ್ ಮುಟ್ಟುವುದಿಲ್ಲ. ಗ್ರಾಮೀಣ ಭಾಗದಲ್ಲಿ ಟಿ-ಮೊಬೈಲ್ ಬಹಳಷ್ಟು ನಿಂತಿರುವುದೇ ಆ 71ರ ಮೇಲೆ. ಕೊಂಡ ಬೂಸ್ಟರನ್ನು ನಿಮ್ಮ ಮೊಬೈಲ್ ಕಂಪನಿಯಲ್ಲಿ ನೋಂದಾಯಿಸುವುದೂ ಕಡ್ಡಾಯ.

ಬೂಸ್ಟರ್‌ಗೆ ಅದರದೇ ಜಾಗವಿದೆ. −118ರಲ್ಲಿ ಕರೆಯೇ ನಿಲ್ಲದ ಕಡೆ ಅದರಿಂದ ಮಾತಾಡಲು, ಮೆಸೇಜ್ ಕಳಿಸಲು ಆಗುತ್ತದೆ. ಹೊರಗಿನ ಆಂಟೆನಾ ಒಳಗಿನದಕ್ಕೆ ಹತ್ತಿರವಾದರೆ ತನ್ನ ಸಿಗ್ನಲನ್ನೇ ತಾನು ಕೇಳಿಸಿಕೊಂಡು ಬೂಸ್ಟರ್ ಶಕ್ತಿ ಇಳಿಸಿಕೊಳ್ಳುತ್ತದೆ. ಎರಡರ ನಡುವೆ ಆರ್‌ವಿಯ ಉದ್ದದಷ್ಟು ಅಂತರ ಕೊಡಿ.

ಆಂಟೆನಾ ಕೊಳ್ಳುವಾಗ ಹಾಟ್‌ಸ್ಪಾಟ್‌ನ ಕನೆಕ್ಟರ್ ನೋಡಿ. ಸಣ್ಣ ಹಾಟ್‌ಸ್ಪಾಟ್‌ಗಳಲ್ಲಿ ಹೆಚ್ಚಾಗಿ ಟಿಎಸ್-9, ರೂಟರ್‌ಗಳಲ್ಲಿ ಮೊಬೈಲ್ ಸಿಗ್ನಲ್‌ಗೆ ಎಸ್‌ಎಂಎ, ವೈ-ಫೈಗೆ ಆರ್‌ಪಿ-ಎಸ್‌ಎಂಎ. ಕೊನೆಯ ಎರಡು ಹೊರನೋಟಕ್ಕೆ ಒಂದೇ ಥರ, ತಿರುಪೂ ಕೂರುತ್ತದೆ. ಒಳಗಿನ ಸೂಜಿ ಎದುರು ಬದುರಾಗಿ, ಸಿಗ್ನಲ್ ದಾಟುವುದಿಲ್ಲ. ಕೇಬಲ್ ಚಿಕ್ಕದಿದ್ದಷ್ಟೂ ಒಳ್ಳೆಯದು. ಎಲ್‌ಎಂಆರ್-200 ಕೇಬಲ್ 2 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ನುಂಗುತ್ತದೆ. 10 ಮೀಟರ್ ಎಳೆದರೆ 5 ಡೆಸಿಬೆಲ್ ಹೋಯಿತು, ಅಂದರೆ ಮೂರರಲ್ಲಿ ಎರಡು ಪಾಲು ಶಕ್ತಿ ಕೇಬಲ್‌ನಲ್ಲೇ ಮುಗಿಯಿತು.

ಇದಕ್ಕೆಲ್ಲ ಮೊದಲು ಬಿಟ್ಟಿ ಉಪಾಯ ಒಂದಿದೆ. ಹಾಟ್‌ಸ್ಪಾಟನ್ನು ಅಡುಗೆ ಕಟ್ಟೆಯಿಂದ ಎತ್ತಿ ಟವರ್ ಕಡೆಯ ಕಿಟಕಿಗೆ ಇಟ್ಟು ಸಂಖ್ಯೆ ನೋಡಿ. 10 ಡೆಸಿಬೆಲ್ ಸುಧಾರಿಸುವುದು ಅಪರೂಪವಲ್ಲ.

ಸ್ಟಾರ್‌ಲಿಂಕ್ ತೆಗೆದುಕೊಂಡರೆ ಇದೆಲ್ಲ ತಪ್ಪುತ್ತದೆಯೇ?

ಸ್ಟಾರ್‌ಲಿಂಕ್ ಎಂದರೆ ಡಿಶ್ ಇಟ್ಟು ಉಪಗ್ರಹಗಳಿಂದ ಪಡೆಯುವ ಇಂಟರ್ನೆಟ್. ತೆರೆದ ಆಕಾಶವಿರುವ ಕಡೆ ಬಹುಮಟ್ಟಿಗೆ ಹೌದು. ನೆವಾಡಾ, ಯೂಟಾ, ಅರಿಝೋನಾದ ಬಯಲುಗಳಲ್ಲಿ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಒರೆಗಾನ್, ವಾಷಿಂಗ್ಟನ್‌ನ ಎತ್ತರದ ಮರಗಳ ನಡುವಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಒದ್ದಾಡುತ್ತದೆ. ಉಪಗ್ರಹಗಳು ಸರಿಯುತ್ತಲೇ ಇರುತ್ತವೆ. ಒಂದು ಮರದ ತುದಿ ಅಡ್ಡ ಬಂದರೆ ಕೆಲವು ಸೆಕೆಂಡು ಲೈನ್ ಹೋಗಿ ಮತ್ತೆ ಬರುತ್ತದೆ. ಸಿನಿಮಾಕ್ಕೆ ಅದು ಗೊತ್ತೇ ಆಗುವುದಿಲ್ಲ, ಮೀಟಿಂಗ್‌ಗೆ ಪ್ರತಿ ಸಲವೂ ಗೊತ್ತಾಗುತ್ತದೆ. ಆರ್‌ವಿ ನಿಲ್ಲಿಸಿ ಮಟ್ಟ ಮಾಡುವ ಮುಂಚೆ ಸ್ಟಾರ್‌ಲಿಂಕ್ ಆ್ಯಪ್‌ನ ಅಡೆತಡೆ ಪರೀಕ್ಷೆ ತೆರೆದು ಫೋನಿನ ಕ್ಯಾಮೆರಾವನ್ನು ಆಕಾಶದ ಸುತ್ತ ತಿರುಗಿಸಿ. ಸೈಟ್‌ನೊಳಗೇ ಐದು ಮೀಟರ್ ಆಚೆ ಡಿಶ್ ಇಟ್ಟರೆ ಎಷ್ಟೋ ವ್ಯತ್ಯಾಸ. ಅಮೆರಿಕದಲ್ಲಿ ಉತ್ತರ ದಿಕ್ಕು ತೆರೆದಿರುವುದು ಮುಖ್ಯ.

ಕೇಬಲ್ ಎಳೆಯುವಾಗ ಆರ್‌ವಿಯ ಸ್ಲೈಡ್‌ನ (ಹೊರಕ್ಕೆ ಸರಿಯುವ ಕೋಣೆಯ ಭಾಗ) ಅಂಚಿನಲ್ಲಿ ದಾಟಿಸಬೇಡಿ. ಸ್ಲೈಡ್ ಒಳಗೆ ಹೋಗುವಾಗ ರಬ್ಬರ್ ಪಟ್ಟಿಯ ಕೆಳಗೆ ಸಿಕ್ಕಿ ಚಪ್ಪಟೆಯಾಗುತ್ತದೆ. ಹೊರಗಿನ ಸಿಪ್ಪೆ ಸರಿಯಿದ್ದಂತೆ ಕಂಡರೂ ಒಳಗಿನ ತಂತಿ ತುಂಡಾಗಿರುತ್ತದೆ. ವಿದ್ಯುತ್ ಕೇಬಲ್ ಒಳಬರುವ ಚಿಕ್ಕ ಬಾಗಿಲಿನಲ್ಲೇ ಇದನ್ನೂ ತನ್ನಿ.

ಬ್ಯಾಟರಿ ಮೇಲೆ ಎಷ್ಟು ಹೊತ್ತು ನಡೆಯುತ್ತದೆ?

ಪೂರ್ತಿ ಹುಕಪ್ (ವಿದ್ಯುತ್, ನೀರು, ಚರಂಡಿಯ ಜೋಡಣೆ) ಇರುವ ಸೈಟ್‌ನಲ್ಲಿ ಈ ಚಿಂತೆ ಇಲ್ಲ. ಇಲ್ಲದ ಕಡೆ ಲೆಕ್ಕ ಹಾಕಿ. ಸ್ಟಾರ್‌ಲಿಂಕ್‌ನ ಚಿಕ್ಕ ಡಿಶ್ ಮಿನಿ ಸುಮಾರು 25–40 ವ್ಯಾಟ್, ಸ್ಟ್ಯಾಂಡರ್ಡ್ ಡಿಶ್ 75–100 ವ್ಯಾಟ್. ಮಿನಿ 30 ವ್ಯಾಟ್‌ನಂತೆ ದಿನವಿಡೀ ಓಡಿದರೆ 720 ವ್ಯಾಟ್-ಅವರ್, ಅಂದರೆ 12 ವೋಲ್ಟ್‌ನಲ್ಲಿ 60 ಆಂಪ್-ಅವರ್. ಬಾಡಿಗೆ ಆರ್‌ವಿಗಳಲ್ಲಿರುವಂಥ 100 ಆಂಪ್-ಅವರ್ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸಬಹುದು, ಹಾಗಾಗಿ ಒಂದು ದಿನಕ್ಕೂ ಸಾಲದು. ಅಷ್ಟೇ ಅಳತೆಯ ಲಿಥಿಯಂ ಆದರೆ ಒಂದೂವರೆ ದಿನ. ಮೀಟಿಂಗ್ ಇರುವಾಗ ಮಾತ್ರ ಆನ್ ಮಾಡಿ, ಮಲಗುವಾಗ ಆಫ್ ಮಾಡಿ.

ಮಿನಿ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಡಿಶ್ ಕೆಟ್ಟಿದೆ ಎಂದುಕೊಳ್ಳಬೇಡಿ, ವೋಲ್ಟೇಜ್ ಅಳೆಯಿರಿ. ಅದಕ್ಕೆ 12ರಿಂದ 48 ವೋಲ್ಟ್ ಬೇಕು. 18 ಗೇಜ್ ತಂತಿ 15 ಮೀಟರ್ ಎಳೆದರೆ ಹೋಗಿ ಬರುವ ದಾರಿ 30 ಮೀಟರ್, ತಡೆ ಸುಮಾರು 0.6 ಓಮ್. 40 ವ್ಯಾಟ್ ಎಳೆಯುವಾಗ 3.3 ಆಂಪ್ ಹರಿದು 2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.5 ಇದ್ದದ್ದು ಡಿಶ್ ತಲುಪುವಾಗ 10.5. ಬ್ಯಾಟರಿ ಹತ್ತಿರವೇ 24 ವೋಲ್ಟ್‌ಗೆ ಏರಿಸುವ ಕನ್ವರ್ಟರ್ ಹಾಕಿ, ಸರಿಹೋಗುತ್ತದೆ.

ಬಾಡಿಗೆ ಆರ್‌ವಿಗೆ ತೂತು ಕೊರೆಯುವಂತಿಲ್ಲ. ಏನು ಮಾಡಲಿ?

ಕಿಟಕಿಗೆ ಅಂಟುವ ಸಕ್ಷನ್ ಕಪ್ ಆಂಟೆನಾ, ಟ್ರಾವೆಲ್ ರೂಟರ್, ನೆಲದ ಮೇಲೆ ಇಡುವ ಮಿನಿ ಡಿಶ್. ಇಷ್ಟೇ ಸಾಕು.

ಬುಕ್ ಮಾಡುವಾಗ ಪಾರ್ಕ್‌ನವರನ್ನು ಏನು ಕೇಳಬೇಕು?

ವೈ-ಫೈ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಹೀಗೆ ಕೇಳಿ: ರಾತ್ರಿ 8ಕ್ಕೆ ವಿಡಿಯೊ ಕರೆ ಮಾಡಲು ಆಗುತ್ತದೆಯೇ? ನಿಮ್ಮ ಸಿಬ್ಬಂದಿಯ ಫೋನ್ ಯಾವ ಕಂಪನಿಯದು, ಪಾರ್ಕ್ ಒಳಗೆ ಕರೆ ನಿಲ್ಲುತ್ತದೆಯೇ? ಉತ್ತರಕ್ಕೆ ಆಕಾಶ ತೆರೆದಿರುವ ಸೈಟ್ ನಂಬರ್ ಯಾವುದು? ತಿಂಗಳುಗಟ್ಟಲೆ ಉಳಿಯುವುದಾದರೆ ಸೈಟ್‌ಗೇ ಕೇಬಲ್ ಅಥವಾ ಫೈಬರ್ ಲೈನ್ ಹಾಕಿಸಿಕೊಳ್ಳಬಹುದೇ ಎಂದೂ ಕೇಳಿ. ಕೆಲವು ಕಡೆ ಅದು ಸಾಧ್ಯ. ಸಾಧ್ಯವಾದರೆ ಉಳಿದೆಲ್ಲಕ್ಕಿಂತ ಅದೇ ಮೇಲು.

ಮನೆಯ 5ಜಿ ಇಂಟರ್ನೆಟ್ ಬಾಕ್ಸನ್ನೇ ಹೊತ್ತೊಯ್ಯಬಹುದೇ?

ಬೇಡ. ಮನೆಯ ಪ್ಲಾನ್ ಆ ವಿಳಾಸಕ್ಕೆ ಕೊಟ್ಟದ್ದು. ಬೇರೆ ಕಡೆ ಕೆಲಸ ಮಾಡಿದರೂ ಯಾವ ದಿನ ನಿಲ್ಲಿಸುತ್ತಾರೋ ಹೇಳಲಾಗದು. ಪ್ರಯಾಣಕ್ಕೆಂದೇ ಇರುವ ಪ್ಲಾನ್ ತೆಗೆದುಕೊಳ್ಳಿ. ಫೋನಿನ ಅನ್‌ಲಿಮಿಟೆಡ್ ಪ್ಲಾನ್‌ನಲ್ಲೂ ಹಾಟ್‌ಸ್ಪಾಟ್‌ಗೆ ಬೇರೆ ಮಿತಿ ಇರುತ್ತದೆ, ಆ ಸಾಲು ಓದಿ. ಎಚ್‌ಡಿ ಸಿನಿಮಾ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ.

ಊರಿನಿಂದ ಅಪ್ಪ ಅಮ್ಮ ತಂದ ಫೋನ್ ಇಲ್ಲಿ ಸಿಗ್ನಲ್ ಹಿಡಿಯುವುದಿಲ್ಲ. ಕೆಟ್ಟಿದೆಯೇ?

ಇಲ್ಲ. ಭಾರತದಲ್ಲಿ ಮಾರುವ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅಮೆರಿಕದ ಹಳ್ಳಿಗಾಡಿಗೆ ಬೇಕಾದ 71, 13, 14ನೇ ಬ್ಯಾಂಡ್‌ಗಳೇ ಇರುವುದಿಲ್ಲ. ನಗರದಲ್ಲಿ ಸರಿಯಾಗಿ ಓಡಿ, ಪಾರ್ಕ್‌ಗೆ ಬಂದ ಕೂಡಲೇ ಸಿಗ್ನಲ್ ಬಿಡುವುದು ಇದರಿಂದ. ಎಟಿ ಅಂಡ್ ಟಿ ತಾನು ಒಪ್ಪಿದ ಮಾದರಿಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ಅವರಿಗೆ ಸಿಮ್ ಕೊಡಿಸುವ ಬದಲು ನಿಮ್ಮ ರೂಟರ್‌ನ ವೈ-ಫೈಗೆ ಸೇರಿಸಿ, ವಾಟ್ಸಾಪ್ ಕರೆಗೆ ಅಷ್ಟು ಸಾಕು. ಬ್ಯಾಂಕ್ ಒಟಿಪಿ ಬೇಕಾಗುವ ಕೆಲಸವನ್ನು ನಗರದಲ್ಲಿರುವಾಗಲೇ ಮುಗಿಸಿಕೊಳ್ಳಲಿ.

ಯಾವ ಉಪಾಯವೂ ನಡೆಯದ ಜಾಗಗಳಿವೆಯೇ?

ಇವೆ. ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿರುವ ರೇಡಿಯೊ ದೂರದರ್ಶಕಕ್ಕಾಗಿ 1958ರಲ್ಲಿ ಸುಮಾರು 13,000 ಚದರ ಮೈಲಿಯನ್ನು ರೇಡಿಯೊ ಮೌನದ ವಲಯವೆಂದು ಗುರುತಿಸಿದ್ದಾರೆ. ದೂರದರ್ಶಕದ ಹತ್ತಿರ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅಲ್ಲಿಗೆ ಹೋಗುವ ದಿನ ರಜೆ ಹಾಕಿ. ರಾಷ್ಟ್ರೀಯ ಉದ್ಯಾನಗಳೊಳಗಿನ ಕ್ಯಾಂಪ್‌ಗ್ರೌಂಡ್‌ಗಳಲ್ಲೂ ವೈ-ಫೈ ಸಾಮಾನ್ಯವಾಗಿ ಇರುವುದಿಲ್ಲ, ಆಫ್‌ಲೈನ್ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಮೀಟಿಂಗ್ ನಡುವೆಯೇ ಲೈನ್ ಹೋದರೆ?

ಮೊದಲು ಕ್ಯಾಮೆರಾ ಆಫ್ ಮಾಡಿ. ಧ್ವನಿಗೆ 100 ಕೆಬಿಪಿಎಸ್‌ನಷ್ಟು ಇದ್ದರೂ ನಡೆಯುತ್ತದೆ. ಅದಾಗದಿದ್ದರೆ ಲ್ಯಾಪ್‌ಟಾಪನ್ನು ಎರಡನೇ ಸಿಮ್‌ನ ಹಾಟ್‌ಸ್ಪಾಟ್‌ಗೆ ಬದಲಿಸಿ. ಈ ಹೆಸರು, ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಉಳಿಸಿರಬೇಕು, ಆ ಹೊತ್ತಿನಲ್ಲಿ ಹುಡುಕುತ್ತಾ ಕೂರುವಂತಾಗಬಾರದು. ಅದೂ ಆಗದಿದ್ದರೆ ಮೀಟಿಂಗ್ ಆಹ್ವಾನದಲ್ಲಿರುವ ಫೋನ್ ನಂಬರ್‌ಗೆ ಸಾದಾ ಕರೆ ಮಾಡಿ ಸೇರಿಕೊಳ್ಳಿ. ಡೇಟಾ ಓಡದ ಟವರ್‌ನಲ್ಲೂ ಸಾದಾ ಕರೆ ಹೋಗುವುದುಂಟು. ಆ ನಂಬರನ್ನೂ ಮೀಟಿಂಗ್ ಐಡಿಯನ್ನೂ ಕಾಗದದಲ್ಲಿ ಬರೆದು ಲ್ಯಾಪ್‌ಟಾಪ್ ಪಕ್ಕ ಅಂಟಿಸಿಡಿ.